ಹಳೆಯ ಧಾರಾವಾಹಿಯಲ್ಲಿ ತಪ್ಪು ಹಿಡಿಯುವುದು ಹೇಗೆ? ‘ಮಾಲ್ಗುಡಿ ಡೇಸ್’ ಇಟ್ಟುಕೊಂಡು ಒಂದು ಸಮಗ್ರ ಮಾರ್ಗದರ್ಶಿ

2020ರ ಲಾಕ್‌ಡೌನ್ ಸಮಯದಲ್ಲಿ ದೂರದರ್ಶನ ಬಿ.ಆರ್. ಚೋಪ್ರಾ ಅವರ ‘ಮಹಾಭಾರತ’ವನ್ನು ಮತ್ತೆ ಹಾಕಿತು. ಕೆಲವೇ ದಿನಗಳಲ್ಲಿ ಒಂದು ಫೋಟೊ ಎಲ್ಲರ ಫೋನಿಗೂ ಬಂತು. ಭೀಷ್ಮನ ಪಾತ್ರದಲ್ಲಿ ಮುಕೇಶ್ ಖನ್ನಾ, ಹಿಂದೆ ಒಂದು ಏರ್ ಕೂಲರ್! ಜನ ಹೊಟ್ಟೆ ಹಿಡಿದುಕೊಂಡು ನಕ್ಕರು. ಆದರೆ ಅದು ಕೂಲರ್ ಆಗಿರಲಿಲ್ಲ. ಅರಮನೆ ಸೆಟ್ಟಿನ ಕಂಬದ ಕೆತ್ತನೆ. ಅದೇ ಕಂಬ ಬೇರೆ ಶಾಟ್‌ಗಳಲ್ಲಿ ಸ್ಪಷ್ಟವಾಗಿ ಕಾಣುತ್ತದೆ. ಒಂದು ನಿಮಿಷ ಹಿಂದೆ ಮುಂದೆ ಓಡಿಸಿ ನೋಡಿದ್ದರೆ ಸಾಕಿತ್ತು.

ತಪ್ಪು ‘ಕಾಣುವುದು’ ಸುಲಭ. ಅದು ನಿಜವಾಗಿಯೂ ತಪ್ಪೇ ಎಂದು ತೋರಿಸುವುದರಲ್ಲೇ ಕೆಲಸ ಇರುವುದು. ಈ ಬರಹ ಆ ಎರಡನೇ ಭಾಗದ ಬಗ್ಗೆಯೇ ಜಾಸ್ತಿ ಮಾತಾಡುತ್ತದೆ.

ಉದಾಹರಣೆಗೆ ನಾನು ಆರಿಸಿಕೊಂಡಿರುವುದು ಶಂಕರ್ ನಾಗ್ ನಿರ್ದೇಶನದ ‘ಮಾಲ್ಗುಡಿ ಡೇಸ್’. ಆರ್.ಕೆ. ನಾರಾಯಣ್ ಅವರ ಕಥೆಗಳು, ಆರ್.ಕೆ. ಲಕ್ಷ್ಮಣ್ ಅವರ ರೇಖಾಚಿತ್ರಗಳು, ಎಲ್. ವೈದ್ಯನಾಥನ್ ಅವರ ಸಂಗೀತ, ಸ್ವಾಮಿಯಾಗಿ ಮಾಸ್ಟರ್ ಮಂಜುನಾಥ್, ಅಪ್ಪನಾಗಿ ಗಿರೀಶ್ ಕಾರ್ನಾಡ್. ಚಿತ್ರೀಕರಣ ಹೆಚ್ಚಾಗಿ ತೀರ್ಥಹಳ್ಳಿ ತಾಲ್ಲೂಕಿನ ಆಗುಂಬೆಯಲ್ಲಿ. ಇದನ್ನು ಆರಿಸಿದ್ದಕ್ಕೆ ಕಾರಣವಿದೆ. ಪ್ರೀತಿ ಇರುವ ಧಾರಾವಾಹಿಯನ್ನೇ ಮತ್ತೆ ಮತ್ತೆ ನೋಡಲು ಮನಸ್ಸು ಬರುತ್ತದೆ. ಇಷ್ಟವಿಲ್ಲದ ಧಾರಾವಾಹಿಯಲ್ಲಿ ತಪ್ಪು ಹುಡುಕಲು ಹೊರಟರೆ ಎರಡನೇ ಕಂತಿಗೇ ಸಾಕಾಗಿ ಹೋಗುತ್ತದೆ.

ತಪ್ಪು ಯಾವುದು, ಯಾವುದು ಅಲ್ಲ

ಸ್ಥೂಲವಾಗಿ ಎರಡು ಜಾತಿ. ಒಂದು, ಕಂಟಿನ್ಯುಟಿ ತಪ್ಪು: ಒಂದು ಶಾಟ್‌ನಲ್ಲಿ ಲೋಟದ ತುಂಬಾ ಕಾಫಿ, ಮುಂದಿನ ಶಾಟ್‌ನಲ್ಲಿ ಅರ್ಧ, ಅದರ ಮುಂದಿನದರಲ್ಲಿ ಮತ್ತೆ ತುಂಬಾ. ಇದನ್ನು ಹಿಡಿಯಲು ಹೊರಗಿನ ಜ್ಞಾನ ಏನೂ ಬೇಡ, ಕಣ್ಣು ಸಾಕು. ಇನ್ನೊಂದು, ವಾಸ್ತವದ ತಪ್ಪು: ಕಥೆ ನಡೆಯುವ ಕಾಲಕ್ಕೆ ಇಲ್ಲದ ವಸ್ತು, ಆ ಊರಿಗೆ ಹೊಂದದ ಪದ್ಧತಿ, ಲೆಕ್ಕಕ್ಕೆ ಸಿಗದ ತಾರೀಖು. ಇದಕ್ಕೆ ಓದು ಬೇಕು.

ಇವೆರಡೂ ಅಲ್ಲದ್ದನ್ನು ತಪ್ಪಿನ ಪಟ್ಟಿಗೆ ಸೇರಿಸಬೇಡಿ. ಪುಸ್ತಕದಲ್ಲಿ ಒಂದು ರೀತಿ, ಧಾರಾವಾಹಿಯಲ್ಲಿ ಇನ್ನೊಂದು ರೀತಿ ಇದ್ದರೆ ಅದು ಬದಲಾವಣೆ. ನಾರಾಯಣ್ ಅವರ ಕಲ್ಪನೆಯ ಮಾಲ್ಗುಡಿ ಬಿಸಿಲಿನ ಊರು. ಮರಳಿನ ದಂಡೆಯ ಸರಯೂ ನದಿ, ಸಂಜೆ ಅಲ್ಲಿ ಗಾಳಿಗೆ ಬರುವ ಜನ. ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿಲಿಮೀಟರ್‌ಗಿಂತ ಹೆಚ್ಚು ಮಳೆ. ಬಯಲುಸೀಮೆಯ ಊರನ್ನು ಮಲೆನಾಡಿನಲ್ಲಿ ಕಟ್ಟಿದ್ದು ನಿರ್ದೇಶಕರ ಆಯ್ಕೆ. ‘ಮಾಲ್ಗುಡಿಯಲ್ಲಿ ಅಡಿಕೆ ಮರ ಎಲ್ಲಿಂದ ಬಂತು?’ ಎಂದು ಕೇಳುವುದು ತಕರಾರು ಅಷ್ಟೇ. ಒಬ್ಬನೇ ನಟ ಬೇರೆ ಬೇರೆ ಕಥೆಗಳಲ್ಲಿ ಬೇರೆ ಬೇರೆ ಪಾತ್ರ ಮಾಡುವುದೂ ಹಾಗೆಯೇ. ಬಿಡಿ ಕಥೆಗಳ ಸರಣಿಯಲ್ಲಿ ಅದು ಒಪ್ಪಿತ.

ಹೆಜ್ಜೆ 1: ನೋಡುತ್ತಿರುವ ಪ್ರತಿ ಯಾವುದು ಅಂತ ತಿಳಿದುಕೊಳ್ಳಿ

ಬಹಳ ಜನ ಇಲ್ಲೇ ಎಡವುತ್ತಾರೆ. ಹಳೆಯ ಧಾರಾವಾಹಿಗಳು ನಮಗೆ ಸಿಗುವುದು ಹತ್ತು ಕೈ ದಾಟಿ ಬಂದ ಮೇಲೆ. ಮರುಪ್ರಸಾರಕ್ಕೆ ಕತ್ತರಿಸಿದ್ದು, ಜಾಹೀರಾತಿಗೆ ಜಾಗ ಮಾಡಲು ತುಂಡು ಮಾಡಿದ್ದು, ಯಾರೋ ರೆಕಾರ್ಡ್ ಮಾಡಿ ಏರಿಸಿದ್ದು. ಒಂದು ಮಾತಿನ ಮಧ್ಯೆ ಪಾತ್ರ ಬಾಗಿಲಿನಿಂದ ಕುರ್ಚಿಗೆ ಜಿಗಿದರೆ ಅದು ಚಿತ್ರತಂಡದ ತಪ್ಪೋ, ಮಧ್ಯೆ ಕತ್ತರಿ ಆಡಿಸಿದವರದ್ದೋ? ಇನ್ನೊಂದು ಪ್ರತಿ ನೋಡದೆ ಹೇಳಲು ಆಗುವುದಿಲ್ಲ.

ಉಲ್ಟಾ ಕೂಡ ಆಗುತ್ತದೆ. 2019ರಲ್ಲಿ ‘ಗೇಮ್ ಆಫ್ ಥ್ರೋನ್ಸ್’ ಕೊನೆಯ ಸೀಸನ್‌ನ ಒಂದು ಔತಣದ ದೃಶ್ಯದಲ್ಲಿ ಈಗಿನ ಕಾಲದ ಕಾಫಿ ಕಪ್ ಮೇಜಿನ ಮೇಲೆ ಉಳಿದುಬಿಟ್ಟಿತ್ತು. ಜಗತ್ತೆಲ್ಲ ಸುದ್ದಿಯಾಯಿತು. ಎಚ್‌ಬಿಒ ಆಮೇಲೆ ಅದನ್ನು ಕಂಪ್ಯೂಟರ್‌ನಲ್ಲಿ ಅಳಿಸಿತು. ಈಗ ಹುಡುಕಿದರೆ ಕಪ್ ಇಲ್ಲ. ಹಾಗಾಗಿ ಯಾವ ಪ್ರತಿ, ಯಾವಾಗ ನೋಡಿದ್ದು ಎಂದು ಬರೆದುಕೊಳ್ಳಿ.

ಆನ್‌ಲೈನ್ ಪ್ರತಿಗಳಲ್ಲಿ ಎರಡು ಕಾಯಿಲೆ ಸಾಮಾನ್ಯ. ಮೊದಲನೆಯದು ಎಳೆದು ಅಗಲ ಮಾಡಿದ ಚಿತ್ರ. 1980ರ ದಶಕದ ಟಿವಿ ಚಿತ್ರ 4:3 ಅಳತೆಯದ್ದು. ಅದನ್ನು ಈಗಿನ ಅಗಲ ಪರದೆಗೆ ಎಳೆದರೆ ಗಾಡಿಯ ಚಕ್ರ ಮೊಟ್ಟೆಯಾಕಾರಕ್ಕೆ ಬರುತ್ತದೆ. ಕೆಲವರು ಎಳೆಯುವ ಬದಲು ಮೇಲೆ ಕೆಳಗೆ ಕತ್ತರಿಸುತ್ತಾರೆ. ಆಗ ತಲೆ ತುಂಡಾಗಿ, ಕೈಯಲ್ಲಿದ್ದ ವಸ್ತು ಕಾಣೆಯಾಗುತ್ತದೆ.

ಎರಡನೆಯದು ಜಾಸ್ತಿ ಮೋಸದ್ದು: ಕನ್ನಡಿಯಂತೆ ಎಡ-ಬಲ ತಿರುಗಿಸಿದ ಚಿತ್ರ. ಕಾಪಿರೈಟ್ ತಪಾಸಣೆಯಿಂದ ತಪ್ಪಿಸಿಕೊಳ್ಳಲು ಏರಿಸುವವರು ಹೀಗೆ ಮಾಡುತ್ತಾರೆ. ಬೋರ್ಡಿನ ಅಕ್ಷರ ಕಂಡರೆ ತಕ್ಷಣ ಗೊತ್ತಾಗುತ್ತದೆ. ಅಕ್ಷರ ಇಲ್ಲದ ಕಡೆ ನಮ್ಮ ಪದ್ಧತಿಗಳೇ ಸಹಾಯಕ್ಕೆ ಬರುತ್ತವೆ. ಜನಿವಾರ ಎಡ ಹೆಗಲ ಮೇಲಿಂದ ಬಲ ಪಕ್ಕಕ್ಕೆ ಇಳಿಯಬೇಕು. ಸೀರೆಯ ಸೆರಗು ಸಾಮಾನ್ಯವಾಗಿ ಎಡ ಹೆಗಲ ಮೇಲೆ. ಊಟದ ಬಾಳೆಲೆಯ ತುದಿ ಉಣ್ಣುವವರ ಎಡಕ್ಕೆ. ಇವೆಲ್ಲ ಒಟ್ಟಿಗೆ ಅದಲು ಬದಲಾಗಿದ್ದರೆ ತಿರುಗಿಸಿದ ಪ್ರತಿ ಎಂದೇ ಲೆಕ್ಕ. ಜನಿವಾರ ಮಾತ್ರ ಬಲ ಹೆಗಲ ಮೇಲಿದ್ದರೆ ದೃಶ್ಯದಲ್ಲಿ ಏನು ನಡೆಯುತ್ತಿದೆ ನೋಡಿ. ಶ್ರಾದ್ಧ ಅಥವಾ ತರ್ಪಣವಾದರೆ ಅದೇ ಸರಿ, ಅದನ್ನು ಮಾಡಿಸಿದವರು ತಿಳಿದವರು.

‘ಮಾಲ್ಗುಡಿ ಡೇಸ್’ ವಿಷಯದಲ್ಲಿ ಇನ್ನೊಂದು ಎಚ್ಚರಿಕೆ. ಇದು ಹಿಂದಿ ಮತ್ತು ಇಂಗ್ಲಿಷ್ ಎರಡರಲ್ಲೂ ತಯಾರಾದ ಸರಣಿ. ತುಟಿ ಒಂದು ಹೇಳಿ ಮಾತು ಇನ್ನೊಂದು ಕೇಳಿದರೆ ಅದು ಡಬ್ಬಿಂಗ್‌ನ ಸಂಗತಿ, ಪಟ್ಟಿಗೆ ಬೇಡ.

ಹೆಜ್ಜೆ 2: ಕಥೆಯ ವರ್ಷ ಗೊತ್ತು ಮಾಡಿಕೊಳ್ಳಿ

ವರ್ಷ ಗೊತ್ತಿಲ್ಲದೆ ‘ಇದು ಆ ಕಾಲದಲ್ಲಿ ಇರಲಿಲ್ಲ’ ಎನ್ನುವುದಕ್ಕೆ ಅರ್ಥವೇ ಇಲ್ಲ. ‘ಹಳೆಯ ಕಾಲ’ ಎಂಬ ಒಂದೇ ಕಾಲ ಎಲ್ಲೂ ಇಲ್ಲ. ‘ಮಾಲ್ಗುಡಿ ಡೇಸ್’ನಲ್ಲಂತೂ ಕಥೆಯಿಂದ ಕಥೆಗೆ ದಶಕಗಳೇ ಬದಲಾಗುತ್ತವೆ. ಸ್ವಾಮಿಯ ಕಥೆ ಬ್ರಿಟಿಷರ ಕಾಲದ್ದು. ಮಿಠಾಯಿ ಅಂಗಡಿಯ ಜಗನ್ ಕಥೆ 1967ರ ಕಾದಂಬರಿಯಿಂದ ಬಂದದ್ದು, ಅಲ್ಲಿ ಮಗ ಅಮೆರಿಕಕ್ಕೆ ಹೋಗಿ ಬರುತ್ತಾನೆ. ಸ್ವಾಮಿಯ ಕೈಯಲ್ಲಿ ಆಣೆ ಇದ್ದರೆ ಸರಿ, ಜಗನ್ ಗಲ್ಲಾಪೆಟ್ಟಿಗೆಯಲ್ಲಿ ಪೈಸೆ ಇದ್ದರೆ ಸರಿ. ಅದಲು ಬದಲಾದರೆ ಮಾತ್ರ ಪೆನ್ನು ತೆಗೆಯಿರಿ.

ವರ್ಷ ಹುಡುಕಲು ಮೂರು ದಾರಿ: ಸಂಭಾಷಣೆಯಲ್ಲಿ ಬರುವ ತಾರೀಖು, ಗೋಡೆಯ ಕ್ಯಾಲೆಂಡರ್, ಮೂಲ ಕಥೆ. ಸ್ವಾಮಿಯ ವಿಷಯದಲ್ಲಿ ಮೂಲ ಕಾದಂಬರಿಯೇ ಕೈಗೆ ಹಿಡಿದು ತೋರಿಸುತ್ತದೆ. 1930ರ ಆಗಸ್ಟ್ 15ರಂದು ಸುಮಾರು ಎರಡು ಸಾವಿರ ಮಂದಿ ಸರಯೂ ದಂಡೆಯಲ್ಲಿ ಸೇರಿ, ಒಬ್ಬ ಹೋರಾಟಗಾರನ ಬಂಧನವನ್ನು ವಿರೋಧಿಸಿದರು ಎಂದು ಅಲ್ಲಿದೆ. ಸ್ವಾಮಿ ತನ್ನ ಟೋಪಿಯನ್ನು ಬೆಂಕಿಗೆ ಹಾಕುವುದು ಅಲ್ಲೇ. ಕಾದಂಬರಿ ಬಂದದ್ದು 1935ರಲ್ಲಿ. ಅಂದರೆ ಆಗಸ್ಟ್ 15 ಎಂಬುದು ಆಗ ಬರೀ ಒಂದು ತಾರೀಖು.

ತಾರೀಖು ಸಿಕ್ಕಿತು ಎಂದರೆ ವಾರ ಲೆಕ್ಕ ಹಾಕಿ. ಇದಕ್ಕೆ ವೆಬ್‌ಸೈಟ್ ಕೂಡ ಬೇಡ. 1947ರ ಆಗಸ್ಟ್ 15 ಶುಕ್ರವಾರ. ಅಲ್ಲಿಂದ 1930ಕ್ಕೆ 17 ವರ್ಷ. ವರ್ಷಕ್ಕೆ ಒಂದು ದಿನದಂತೆ ವಾರ ಹಿಂದೆ ಸರಿಯುತ್ತದೆ. ನಡುವೆ 1932, 1936, 1940, 1944 ಎಂಬ ನಾಲ್ಕು ಅಧಿಕ ವರ್ಷಗಳು, ಅವಕ್ಕೆ ಇನ್ನೊಂದೊಂದು. ಒಟ್ಟು 21, ಏಳರಿಂದ ಸರಿಯಾಗಿ ಭಾಗವಾಗುತ್ತದೆ. ಹಾಗಾಗಿ 1930ರ ಆಗಸ್ಟ್ 15 ಕೂಡ ಶುಕ್ರವಾರ.

ಈಗ ಮಜಾ ನೋಡಿ. ಸಭೆಯ ಮರುದಿನ ಬೆಳಿಗ್ಗೆ ಸ್ವಾಮಿ ಶಾಲೆಗೆ ಹೋಗುತ್ತಾನೆ. ಅಲ್ಲಿ ಹರತಾಳ, ಗಲಾಟೆ, ಹೆಡ್‌ಮಾಸ್ಟರ್ ಕೋಣೆಯ ಗಾಜಿಗೆ ಕಲ್ಲು. ಲೆಕ್ಕದ ಪ್ರಕಾರ ಅದು ಶನಿವಾರ. ಆದರೆ ಕಾದಂಬರಿ ಶುರುವಾಗುವುದೇ ಸೋಮವಾರ ಬೆಳಿಗ್ಗೆ, ಶನಿವಾರ ಭಾನುವಾರದ ಸುಖ ಮುಗಿದು ಶಾಲೆಗೆ ಹೋಗಬೇಕಲ್ಲ ಎಂಬ ಸ್ವಾಮಿಯ ಸಂಕಟದಿಂದ. ಶನಿವಾರ ರಜೆ ಎಂದು ಮೊದಲ ಪುಟದಲ್ಲೇ ಗೊತ್ತಾಗುತ್ತದೆ. ಹಾಗಾದರೆ ಹರತಾಳದ ದಿನ ಶಾಲೆ ತೆರೆದದ್ದು ಹೇಗೆ?

ಸಿಕ್ಕಿತು ಎಂದು ಕುಣಿಯುವ ಮೊದಲು ಎರಡು ಪ್ರಶ್ನೆ. ಇದು ಯಾರ ತಪ್ಪು? ಪುಸ್ತಕದ್ದು. ನೀವು ನೋಡುತ್ತಿರುವ ಕಂತಿನಲ್ಲಿ ತಾರೀಖನ್ನು ಎಲ್ಲೂ ಹೇಳದೆ ಇದ್ದರೆ ಧಾರಾವಾಹಿಗೆ ಇದು ಅಂಟುವುದಿಲ್ಲ. ಇನ್ನು, ಇದಕ್ಕೆ ಸಮಜಾಯಿಷಿ ಇದೆಯೇ? ಇದೆ. ಯಾವುದೋ ರಜೆಗೆ ಬದಲಾಗಿ ಶನಿವಾರ ಶಾಲೆ ಇಡುವುದು ನಮ್ಮಲ್ಲಿ ಈಗಲೂ ಮಾಮೂಲಿ. ನನ್ನ ಪ್ರಕಾರ ಇದು ಲೇಖಕರು ಕ್ಯಾಲೆಂಡರ್ ನೋಡದೆ ಬರೆದ ತಾರೀಖು. ಆದರೆ ‘ಸಾಬೀತಾದ ತಪ್ಪು’ ಎಂದು ನಾನು ಬರೆಯುವುದಿಲ್ಲ. ‘ಬಲವಾದ ಅನುಮಾನ’ ಎಂದು ಬರೆಯುತ್ತೇನೆ.

ಹೆಜ್ಜೆ 3: ಮೊದಲ ಸಲ ಸುಮ್ನೆ ನೋಡಿ

ನೋಟ್‌ಬುಕ್ ಇಲ್ಲ, ನಡುವೆ ನಿಲ್ಲಿಸುವುದಿಲ್ಲ. ಕಥೆ ನೋಡಿ ಅಷ್ಟೇ. ಮೊದಲ ನೋಟದಲ್ಲೇ ಕಣ್ಣಿಗೆ ಚುಚ್ಚಿದ ತಪ್ಪು ಬೇರೆ, ಹತ್ತು ಸಲ ನಿಲ್ಲಿಸಿ ನೋಡಿದಾಗ ಸಿಕ್ಕ ತಪ್ಪು ಬೇರೆ. ಈ ವ್ಯತ್ಯಾಸ ಆಮೇಲೆ ಬೇಕಾಗುತ್ತದೆ.

ಹೆಜ್ಜೆ 4: ಕಂಟಿನ್ಯುಟಿ ಹುಡುಕುವುದು

ತಪ್ಪು ಏಕೆ ಆಗುತ್ತದೆ ಎಂದು ಗೊತ್ತಿದ್ದರೆ ಎಲ್ಲಿ ಹುಡುಕಬೇಕು ಎಂದೂ ಗೊತ್ತಾಗುತ್ತದೆ. ಒಂದೇ ಕ್ಯಾಮೆರಾದಲ್ಲಿ ತೆಗೆಯುವಾಗ ಇಡೀ ದೃಶ್ಯವನ್ನು ದೂರದಿಂದ ಒಮ್ಮೆ, ಆಮೇಲೆ ಒಬ್ಬೊಬ್ಬರ ಮುಖಕ್ಕೆ ಹತ್ತಿರದಿಂದ ಮತ್ತೆ ತೆಗೆಯುತ್ತಾರೆ. ನಡುವೆ ಲೈಟ್ ಬದಲಿಸಬೇಕು, ಊಟಕ್ಕೆ ಬಿಡಬೇಕು. ಪರದೆಯ ಮೇಲೆ ಎರಡು ಸೆಕೆಂಡಿನ ಅಂತರ, ನಿಜದಲ್ಲಿ ಎರಡು ಗಂಟೆ ಆಗಿರಬಹುದು. ಯಾರ ತೋಳು ಮಡಿಸಿತ್ತು, ಲೋಟ ಯಾವ ಕೈಯಲ್ಲಿತ್ತು ಎಂದು ಒಬ್ಬ ಅಸಿಸ್ಟೆಂಟ್ ಬರೆದಿಟ್ಟುಕೊಳ್ಳುತ್ತಾರೆ. ಎಡಿಟಿಂಗ್ ಟೇಬಲ್‌ನಲ್ಲಿ ಮಾತ್ರ ಗೆಲ್ಲುವುದು ಅಭಿನಯ. ಮೂರನೇ ಟೇಕ್‌ನಲ್ಲಿ ಕಣ್ಣು ಸರಿಯಾಗಿ ತುಂಬಿ ಬಂದಿದ್ದರೆ, ಅದರಲ್ಲಿ ಲೋಟ ತಪ್ಪು ಕೈಯಲ್ಲಿದ್ದರೂ ಎಡಿಟರ್ ಅದನ್ನೇ ಇಡುತ್ತಾರೆ. ಇಡಬೇಕು ಕೂಡ.

ಹಾಗಾಗಿ ಹುಡುಕಬೇಕಾದ್ದು ಶಾಟ್ ಕೂಡುವ ಜಾಗದಲ್ಲಿ. ಎರಡನೇ ಸಲ ನೋಡುವಾಗ ಮಾತು ಬಂದ್ ಮಾಡಿ. ಧ್ವನಿ ಇದ್ದರೆ ಕಥೆ ನಿಮ್ಮನ್ನು ಎಳೆದುಕೊಂಡು ಹೋಗುತ್ತದೆ. ಪ್ರತಿ ಕಟ್‌ಗೆ ಮುಖ ಬಿಟ್ಟು ಬೇರೆ ಮೂರು ಜಾಗ ನೋಡಿ: ಕೈ, ಮೇಜು ಅಥವಾ ನೆಲ, ಹಿಂದಿನ ಗೋಡೆ. ಅನುಮಾನ ಬಂದಲ್ಲಿ ನಿಲ್ಲಿಸಿ ಒಂದೊಂದೇ ಫ್ರೇಮ್ ಓಡಿಸಿ. ನಮ್ಮ ಹಳೆಯ ಟಿವಿ ಚಿತ್ರ ಸೆಕೆಂಡಿಗೆ 25 ಫ್ರೇಮ್. ಕಂಪ್ಯೂಟರ್‌ನಲ್ಲಿ ಯೂಟ್ಯೂಬ್ ನಿಲ್ಲಿಸಿ ಫುಲ್‌ಸ್ಟಾಪ್ ಕೀ ಒತ್ತಿದರೆ ಒಂದು ಫ್ರೇಮ್ ಮುಂದೆ, ಕಾಮಾ ಕೀ ಒತ್ತಿದರೆ ಒಂದು ಹಿಂದೆ. ವಿಎಲ್‌ಸಿ ಪ್ಲೇಯರ್‌ನಲ್ಲಿ ಇಂಗ್ಲಿಷ್ ‘ಇ’ ಅಕ್ಷರದ ಕೀ ಒಂದೊಂದೇ ಫ್ರೇಮ್ ಮುಂದೆ ಓಡಿಸುತ್ತದೆ.

ನಮ್ಮ ಧಾರಾವಾಹಿಗಳಲ್ಲಿ ಅತಿ ಹೆಚ್ಚು ಫಸಲು ಕೊಡುವುದು ಊಟದ ದೃಶ್ಯ. ಎಲೆಯ ಮೇಲೆ ಹತ್ತು ಪದಾರ್ಥ. ನಟ ಪ್ರತಿ ಟೇಕ್‌ಗೂ ತಿನ್ನಬೇಕು, ಪ್ರತಿ ಟೇಕ್‌ಗೂ ಹೊಸದಾಗಿ ಬಡಿಸಬೇಕು. ಅನ್ನದ ಗುಡ್ಡೆ ಎಷ್ಟು ಕರಗಿದೆ? ಸಾರು ಕಲಸಿದ ಮೇಲೆ ಮುಂದಿನ ಶಾಟ್‌ನಲ್ಲಿ ಅನ್ನ ಬೆಳ್ಳಗಿದೆಯೇ? ಹಪ್ಪಳ ಮುರಿದದ್ದು ಮತ್ತೆ ಕೂಡಿದೆಯೇ? ಹಪ್ಪಳದ ಮೇಲೆ ಕಣ್ಣಿಡಿ, ಅದು ಸುಳ್ಳು ಹೇಳುವುದಿಲ್ಲ. ಕಲಸಿದ ಕೈ ಒಣಗಿ ಮತ್ತೆ ಒದ್ದೆಯಾಗುವುದನ್ನೂ ನೋಡಿ. ಅನುಭವ ಇರುವ ನಟರು ಇದನ್ನು ತಿಳಿದೇ ಊಟದ ದೃಶ್ಯದಲ್ಲಿ ಕಡಿಮೆ ತಿಂದು ಜಾಸ್ತಿ ಕಲಸುತ್ತಾರೆ. ಅದನ್ನು ಗಮನಿಸುವುದೇ ಒಂದು ಖುಷಿ.

ಎರಡನೆಯದು ಮಳೆ. ಆಗುಂಬೆಯಲ್ಲಿ ಬಿಸಿಲು ಹೋಗಿ ಮಂಜು ಕವಿಯಲು ಎಷ್ಟು ಹೊತ್ತು ಬೇಕು ಎಂಬುದು ಅಲ್ಲಿ ಹೋದವರಿಗೆಲ್ಲ ಗೊತ್ತು. ಅಂಥ ಜಾಗದಲ್ಲಿ ಹೊರಾಂಗಣ ಶೂಟಿಂಗ್ ಮಾಡಿದರೆ ಹೆಂಚಿನ ಸೂರು, ಅಂಗಳದ ಮಣ್ಣು, ಕಲ್ಲಿನ ಮೆಟ್ಟಿಲು ಮೂರನ್ನೂ ನೋಡಿ. ಒಂದು ಶಾಟ್‌ನಲ್ಲಿ ಒಣ ಮೆಟ್ಟಿಲು, ಇನ್ನೊಂದರಲ್ಲಿ ಹೊಳೆಯುವ ಒದ್ದೆ ಮೆಟ್ಟಿಲು ಇದ್ದರೆ ಎರಡರ ನಡುವೆ ಒಂದು ಮಳೆ ಸುರಿದು ಹೋಗಿದೆ. ನೆರಳಿನ ಉದ್ದ ಕೂಡ ಹೀಗೆಯೇ. ಕ್ರಿಕೆಟ್ ಆಡುವ ಹುಡುಗರ ನೆರಳು ಒಮ್ಮೆ ಕಾಲಡಿ, ಒಮ್ಮೆ ಮಾರುದ್ದ ಇದ್ದರೆ ಅರ್ಧ ದಿನದ ಕೆಲಸ ಒಂದು ಓವರ್‌ನಲ್ಲಿ ಸೇರಿದೆ.

ಹಣೆ, ಬಟ್ಟೆ, ಕೂದಲು ಮೂರನೆಯದು. ಒಂದೇ ಬೆಳಗಿನ ದೃಶ್ಯದಲ್ಲಿ ಅಪ್ಪನ ವಿಭೂತಿ ಪಟ್ಟೆಯ ಅಗಲ ಬದಲಾಗಿದೆಯೇ? ಅಜ್ಜಿಯ ಸೆರಗು ತಲೆಯ ಮೇಲಿದ್ದದ್ದು ಹೆಗಲಿಗೆ ಯಾವಾಗ ಇಳಿಯಿತು? ಮಕ್ಕಳು ನಟಿಸುವ ಸರಣಿಯಲ್ಲಿ ಕೂದಲು ಮತ್ತು ಹಲ್ಲು ಬಲು ಚೆಂದದ ಸಾಕ್ಷಿಗಳು. ಶೂಟಿಂಗ್ ತಿಂಗಳುಗಟ್ಟಲೆ ನಡೆದರೆ ಬಿದ್ದ ಹಲ್ಲು ಹುಟ್ಟಿರುತ್ತದೆ.

ಕೊನೆಯದು ಕಥೆಯ ಉದ್ದಕ್ಕೂ ಸಾಗುವ ವಸ್ತು. ಸ್ವಾಮಿಯ ಟೋಪಿಯನ್ನೇ ತೆಗೆದುಕೊಳ್ಳಿ. ಬೆಂಕಿಗೆ ಹಾಕಿದ ಮೇಲೆ ಅದೇ ಟೋಪಿ ಮತ್ತೆ ತಲೆಯ ಮೇಲೆ ಬರಬಾರದು. ಶಾಲೆ ಬದಲಾದ ಮೇಲೆ ಹಳೆಯ ಶಾಲೆಯ ಗೋಡೆ ಹಿಂದೆ ಕಾಣಬಾರದು. ಇಂಥ ಒಂದೊಂದು ವಸ್ತುವಿಗೆ ಒಂದೊಂದು ಪುಟ ಕೊಟ್ಟು, ಯಾವ ಕಂತಿನಲ್ಲಿ ಹೇಗಿತ್ತು ಎಂದು ಬರೆಯುತ್ತಾ ಹೋಗಿ.

ಹೆಜ್ಜೆ 5: ಕಾಲಕ್ಕೆ ಹೊಂದದ್ದನ್ನು ಹುಡುಕುವುದು

ಬ್ರಿಟನ್ನಿನ ‘ಡೌಂಟನ್ ಅಬ್ಬೆ’ ಧಾರಾವಾಹಿಗೆ ಕಾಲದ ವಿವರಗಳ ಬಗ್ಗೆ ದೊಡ್ಡ ಹೆಸರು. ಆದರೂ 2014ರಲ್ಲಿ ಅದರ ಪ್ರಚಾರದ ಫೋಟೊ ಒಂದರಲ್ಲಿ, 1920ರ ದಶಕದ ಬಂಗಲೆಯ ಅಗ್ಗಿಷ್ಟಿಕೆಯ ಮೇಲೆ ಪ್ಲಾಸ್ಟಿಕ್ ನೀರಿನ ಬಾಟಲಿ ನಿಂತಿತ್ತು. ನಗು ಬರುತ್ತದೆ, ಆದರೆ ಇದರಲ್ಲಿ ಕಲಿಯುವುದು ಕಡಿಮೆ. ಬಾಟಲಿ ಯಾರಿಗಾದರೂ ಕಾಣುತ್ತದೆ. ಕಾಣದ ತಪ್ಪುಗಳು ಬೇರೆ ಇವೆ.

1930ರ ಮಾಲ್ಗುಡಿಗೆ ನಾನು ಇಟ್ಟುಕೊಂಡಿರುವ ಪಟ್ಟಿಯ ಮುಖ್ಯ ಭಾಗ ಹೇಳುತ್ತೇನೆ.

ದುಡ್ಡು. ಒಂದು ರೂಪಾಯಿಗೆ 16 ಆಣೆ, ಒಂದು ಆಣೆಗೆ 12 ಕಾಸು ಅಥವಾ ಪೈ. ನೂರು ಪೈಸೆಯ ಲೆಕ್ಕ ಬಂದದ್ದು 1957ರ ಏಪ್ರಿಲ್ 1ರಿಂದ. 1930ರ ನಾಣ್ಯದ ಮೇಲೆ ಐದನೇ ಜಾರ್ಜ್ ಇರಬೇಕು. ಆರನೇ ಜಾರ್ಜ್ ಪಟ್ಟಕ್ಕೆ ಬಂದದ್ದೇ 1936ರ ಕೊನೆಗೆ. ಕಚೇರಿ, ಕೋರ್ಟು, ಶಾಲೆಯ ಗೋಡೆಯ ರಾಜನ ಪಟಕ್ಕೂ ಇದೇ ಲೆಕ್ಕ. ನಾಲ್ಕು ಸಿಂಹದ ಸರ್ಕಾರಿ ಮುದ್ರೆ ಎಲ್ಲಾದರೂ ಕಂಡರೆ 1947ಕ್ಕಿಂತ ಹಿಂದಿನ ಕಥೆಯಲ್ಲಿ ಅದು ತಪ್ಪು.

ಬಾವುಟ. ಇಲ್ಲಿ ಒಂದು ಸೂಕ್ಷ್ಮ ಇದೆ. ಚರಕದ ಬಾವುಟ ಕಂಡರೆ ಎಲ್ಲರೂ ಸರಿ ಎಂದು ತಲೆಯಾಡಿಸುತ್ತಾರೆ. ಆದರೆ ಕೇಸರಿ, ಬಿಳಿ, ಹಸಿರು ಪಟ್ಟೆಯ ಚರಕದ ಬಾವುಟವನ್ನು ಕಾಂಗ್ರೆಸ್ ಒಪ್ಪಿದ್ದು 1931ರಲ್ಲಿ. ಅದಕ್ಕೆ ಮೊದಲು ಬಳಕೆಯಲ್ಲಿದ್ದದ್ದು ಮೇಲೆ ಬಿಳಿ, ನಡುವೆ ಹಸಿರು, ಕೆಳಗೆ ಕೆಂಪು ಇದ್ದ ಚರಕದ ಬಾವುಟ. 1930ರ ಆಗಸ್ಟ್ ಸಭೆಯಲ್ಲಿ ಕೇಸರಿ ಪಟ್ಟೆ ಬಂದರೆ ಒಂದು ವರ್ಷ ಮುಂಚೆ ಬಂದಿದೆ. ಅಶೋಕ ಚಕ್ರದ ಬಾವುಟ 1947ರ ಜುಲೈ 22ರಂದು ಒಪ್ಪಿದ್ದು.

ಗಿಡಗಳು. ಯಾರೂ ನೋಡದ ಜಾಗ ಇದು, ನನಗೆ ಅತಿ ಇಷ್ಟದ್ದೂ ಇದೇ. ಕಲಾ ನಿರ್ದೇಶಕರು ಮೇಜು ಕುರ್ಚಿ ಬದಲಿಸಬಹುದು, ರಸ್ತೆ ಪಕ್ಕದ ಕಳೆ ಕೀಳುವವರು ಯಾರು? ಪಾರ್ಥೇನಿಯಂ, ಅಂದರೆ ನಮ್ಮ ಕಾಂಗ್ರೆಸ್ ಗಿಡ, ಭಾರತದಲ್ಲಿ ಗಮನಕ್ಕೆ ಬಂದದ್ದು 1950ರ ದಶಕದ ನಡುವಿನಲ್ಲಿ, ಪುಣೆಯ ಬಳಿ. 1930ರ ಹುಡುಗರು ಕಾಂಗ್ರೆಸ್ ಗಿಡದ ನಡುವೆ ಚೆಂಡು ಹುಡುಕಿದರೆ ಅದು ಗಟ್ಟಿ ತಪ್ಪು. ಮಲೆನಾಡಿನ ರಸ್ತೆ ಬದಿಯ ಅಕೇಶಿಯಾ ನೆಡುತೋಪುಗಳೂ ಸ್ವಾತಂತ್ರ್ಯದ ನಂತರದವೇ, ಹೆಚ್ಚಿನವು 1980ರ ದಶಕದ ಸುಮಾರಿನವು. ಆದರೆ ಲಂಟಾನ ಕಂಡು ಹಾರಬೇಡಿ. ಅದು 19ನೇ ಶತಮಾನದಲ್ಲೇ ಬಂದಿತ್ತು. ನೀಲಗಿರಿ ಮರ ಅದಕ್ಕಿಂತ ಹಳೆಯದು, ಟಿಪ್ಪು ಕಾಲದಲ್ಲೇ ನಂದಿ ಬೆಟ್ಟಕ್ಕೆ ಬಂದಿತ್ತು ಎನ್ನುತ್ತಾರೆ.

ಮನೆ. ಮಂಗಳೂರು ಹೆಂಚು 1865ರಿಂದ ಇದೆ, ತೊಂದರೆ ಇಲ್ಲ. ಅಡುಗೆಮನೆಯಲ್ಲಿ ಹಿತ್ತಾಳೆ, ಕಂಚು, ತಾಮ್ರ ಇರಲಿ. ಸ್ಟೀಲ್ ಪಾತ್ರೆ ಮನೆಮನೆ ತುಂಬಿದ್ದು ಸ್ವಾತಂತ್ರ್ಯದ ಎಷ್ಟೋ ವರ್ಷಗಳ ಮೇಲೆ. ಪ್ಲಾಸ್ಟಿಕ್ ಬಕೆಟ್, ಹವಾಯಿ ಚಪ್ಪಲಿ, ಪಾಲಿಯೆಸ್ಟರ್ ಸೀರೆ ಕೂಡ ಆಮೇಲಿನವು. ಬಟ್ಟೆ ನೇತುಹಾಕುವ ಹಗ್ಗವನ್ನು ನೋಡಲು ಮರೆಯಬೇಡಿ. ನೈಲಾನ್ ಹಗ್ಗ ಎಲ್ಲಿಂದಲಾದರೂ ನುಸುಳುತ್ತದೆ. ಲಾಸ್ಲೊ ಬಿರೊ ಎಂಬವರು ಬಾಲ್ ಪೆನ್ನಿಗೆ ಪೇಟೆಂಟ್ ಪಡೆದದ್ದು 1938ರಲ್ಲಿ, ಆದ್ದರಿಂದ ಸ್ವಾಮಿಯ ಮೇಷ್ಟರ ಕೈಯಲ್ಲಿ ಮಸಿಯ ಪೆನ್ನೇ ಇರಬೇಕು.

ಕರೆಂಟ್. ವಿದ್ಯುತ್ ಕಂಬ ಕಂಡ ಕೂಡಲೇ ತಪ್ಪು ಎನ್ನುವವರು ಬಹಳ. ಶಿವನಸಮುದ್ರದಿಂದ ಕೆಜಿಎಫ್‌ಗೆ ಕರೆಂಟ್ ಹರಿದದ್ದು 1902ರಲ್ಲಿ. ಬೆಂಗಳೂರಿನ ಬೀದಿ ದೀಪ 1905ರಲ್ಲಿ. ನಾರಾಯಣ್ ಅವರೇ 1938ರ ಮಾಲ್ಗುಡಿ ಕಾದಂಬರಿಯೊಂದರಲ್ಲಿ ನವರಾತ್ರಿ ಗೊಂಬೆ ಕೂರಿಸಿದ ಮನೆಯಲ್ಲಿ ವಿದ್ಯುತ್ ದೀಪ ಕೆಡುವುದನ್ನು ಬರೆದಿದ್ದಾರೆ. ಆದ್ದರಿಂದ ಕಂಬ ತಪ್ಪಲ್ಲ. ಕಂಬದ ಬಗೆ ತಪ್ಪಾಗಿರಬಹುದು. ಸಿಮೆಂಟಿನ ಕಂಬವೋ, ಕಬ್ಬಿಣದ್ದೋ, ಮರದ್ದೋ ನೋಡಿ.

ರೈಲು. ಮಾಲ್ಗುಡಿ ಸ್ಟೇಷನ್ನಾಗಿ ಕಾಣುವುದು ಶಿವಮೊಗ್ಗ–ತಾಳಗುಪ್ಪ ಮಾರ್ಗದ ಅರಸಾಳು ನಿಲ್ದಾಣ. ಈಗ ಅಲ್ಲೊಂದು ಮಾಲ್ಗುಡಿ ಮ್ಯೂಸಿಯಂ ಇದೆ. ಶೂಟಿಂಗ್ ಆದಾಗ ಅದು ಮೀಟರ್ ಗೇಜ್. ಹಳಿಗಳ ನಡುವೆ ಒಂದು ಮೀಟರ್ ಅಂತರ, 1930ರ ಸಣ್ಣ ಊರಿಗೆ ಚೆನ್ನಾಗಿ ಒಪ್ಪುತ್ತದೆ. ಎಂಜಿನ್ ವಿಷಯಕ್ಕೆ ಬಂದರೆ, ನಮ್ಮ ಮೀಟರ್ ಗೇಜ್‌ನ ಪರಿಚಿತ ವೈಪಿ ಉಗಿ ಎಂಜಿನ್‌ಗಳು 1949ರ ನಂತರ ಬಂದವು. ಅಂಥದ್ದು ಕಂಡರೆ ಬರೆದುಕೊಳ್ಳಿ, ಆದರೆ ಪಕ್ಕದಲ್ಲೇ ‘ಬೇರೆ ದಾರಿ ಇರಲಿಲ್ಲ’ ಎಂದೂ ಬರೆಯಿರಿ. ಒಂದು ಟಿವಿ ಸರಣಿಗಾಗಿ 1930ರ ಎಂಜಿನ್ ಹಳಿಗೆ ತರುವುದು ಯಾರಿಗೂ ಆಗುವ ಕೆಲಸ ಅಲ್ವಲ್ಲ.

ಬೋರ್ಡುಗಳಲ್ಲಿ ‘ಕರ್ನಾಟಕ’ ಎಂಬ ರಾಜ್ಯದ ಹೆಸರು 1973ರ ನವೆಂಬರ್ 1ರ ಮೇಲೆ. ವಿಳಾಸದಲ್ಲಿ ಪಿನ್‌ಕೋಡ್ 1972ರಿಂದ. ಕೆಎ ಎಂದು ಶುರುವಾಗುವ ವಾಹನ ಸಂಖ್ಯೆ 1989ರಿಂದ. ಕಿಲೋಮೀಟರ್ ಕಲ್ಲು 1960ರ ಆಸುಪಾಸಿನಿಂದ, ಅದಕ್ಕೆ ಮೊದಲು ಮೈಲಿ.

ಹೆಜ್ಜೆ 6: ಪಂಚಾಂಗ ಬಿಚ್ಚಿ

ಇದಕ್ಕೆ ಹಳೆಯ ಪಂಚಾಂಗ ಕೂಡ ಬೇಕಿಲ್ಲ, ಹಬ್ಬ ಗೊತ್ತಿದ್ದರೆ ಚಂದ್ರ ಗೊತ್ತು. ನರಕ ಚತುರ್ದಶಿಯ ಮರುದಿನ ಅಮಾವಾಸ್ಯೆ. ದೀಪಾವಳಿ ಲಕ್ಷ್ಮೀಪೂಜೆಯ ರಾತ್ರಿ ಕಿಟಕಿಯಲ್ಲಿ ಹುಣ್ಣಿಮೆ ಚಂದ್ರ ತೂಗಿದರೆ ತಪ್ಪು ತಾನಾಗಿಯೇ ಸಿಕ್ಕಿತು. ನವರಾತ್ರಿಯ ಮೊದಲ ದಿನಗಳಲ್ಲಿ ತೆಳು ಚಂದ್ರ ಸಂಜೆ ಪಶ್ಚಿಮದಲ್ಲಿ ಕಂಡು ಬೇಗ ಮುಳುಗುತ್ತಾನೆ. ಗೋಕುಲಾಷ್ಟಮಿಗೆ ಚಂದ್ರ ಮೇಲೆ ಬರುವುದೇ ನಡುರಾತ್ರಿ ಸುಮಾರಿಗೆ. ಸಂಕಷ್ಟಿಯ ದಿನ ಉಪವಾಸ ಮಾಡಿದವರನ್ನು ಕೇಳಿ, ಚಂದ್ರೋದಯ ಎಷ್ಟು ಹೊತ್ತಿಗೆ ಎಂದು ನಿದ್ದೆಯಲ್ಲೂ ಹೇಳುತ್ತಾರೆ.

ಹೆಜ್ಜೆ 7: ಧಾರಾವಾಹಿಯ ಪರವಾಗಿ ವಕಾಲತ್ತು ಮಾಡಿ

ಪಟ್ಟಿ ಸಿದ್ಧವಾಯಿತು. ಈಗ ಪ್ರತಿಯೊಂದನ್ನೂ ಎದುರು ವಕೀಲನಂತೆ ಒಡೆಯಲು ನೋಡಿ. ಕಟ್‌ಗಳ ನಡುವೆ ಸಮಯ ಕಳೆದಿರಬಹುದೇ? ಪಾತ್ರ ಎದ್ದು ಹೋಗಿ ಬಟ್ಟೆ ಬದಲಿಸಿರಬಹುದೇ? ಪಾತ್ರ ತಪ್ಪು ಹೇಳುತ್ತಿದ್ದರೆ ಅದು ಪಾತ್ರದ ಅಜ್ಞಾನವೋ, ಬರೆದವರದ್ದೋ? ಬಡಾಯಿ ಕೊಚ್ಚುವ ಮಾತುಗಾರನೊಬ್ಬ ಕಥೆ ಹೇಳುತ್ತಿದ್ದರೆ ಅವನ ಲೆಕ್ಕ ತಪ್ಪಿರುವುದೇ ಸರಿ.

ಮಾಲ್ಗುಡಿಯಲ್ಲಿ ಇದಕ್ಕೆ ಒಂದು ಅದ್ಭುತ ಉದಾಹರಣೆ ಇದೆ. ಆಗುಂಬೆಯ ನಡುಬೀದಿಯಲ್ಲಿ ಶಂಕರ್ ನಾಗ್ ತಂಡ ಸರ್ ಫ್ರೆಡರಿಕ್ ಲಾಲಿಯ ಪ್ರತಿಮೆಯನ್ನು ನಿಲ್ಲಿಸಿತ್ತು. ಕಲಾ ನಿರ್ದೇಶಕ ಜಾನ್ ದೇವರಾಜ್. ಆ ಪ್ರತಿಮೆಯ ಬಗ್ಗೆ ನಾರಾಯಣ್ ಅವರ ಒಂದು ಸಣ್ಣ ಕಥೆ ಇದೆ. ಸ್ವಾತಂತ್ರ್ಯ ಬಂದ ಹುರುಪಿನಲ್ಲಿ ಪುರಸಭೆ ಬೀದಿಗಳ ಹೆಸರೆಲ್ಲ ಬದಲಿಸುತ್ತದೆ. ಲಾಲಿ ಮಹಾ ಕ್ರೂರಿ ಎಂದು ಇತಿಹಾಸ ಕೆದಕಿ ಪ್ರತಿಮೆಯನ್ನು ಕೀಳಿಸುತ್ತದೆ. ಆಮೇಲೆ ಗೊತ್ತಾಗುತ್ತದೆ, ಆ ಕ್ರೂರಿ ಲಾಲಿ ಬೇರೆ, ಈ ಪ್ರತಿಮೆಯ ಲಾಲಿ ಬೇರೆ. ಇವನು ಊರಿಗೆ ಒಳ್ಳೆಯದು ಮಾಡಿದವನು!

ಈ ಕಥೆ ಗೊತ್ತಿಲ್ಲದವರು ಪ್ರತಿಮೆ ಒಂದು ಕಂತಿನಲ್ಲಿ ಇದೆ, ಇನ್ನೊಂದರಲ್ಲಿ ಇಲ್ಲ ಎಂದು ಕಂಟಿನ್ಯುಟಿ ತಪ್ಪು ಬರೆದುಬಿಡಬಹುದು. 1930ರ ಕಥೆಯಲ್ಲಿ ಪ್ರತಿಮೆ ಇರಬೇಕು. 1947ರ ನಂತರದ ಕಥೆಯಲ್ಲಿ ಇರದಿದ್ದರೆ ಅದಕ್ಕೆ ಕಾರಣ ಕಥೆಯೊಳಗೇ ಇದೆ. ಪುರಸಭೆಯವರು ಮಾಡಿದ್ದು ಅರೆಬರೆ ಸಂಶೋಧನೆ. ಒಂದು ಆಕರ ನೋಡಿದರು, ಎರಡನೆಯದನ್ನು ನೋಡಲಿಲ್ಲ. ನಿಮ್ಮ ಪಟ್ಟಿಯ ಪ್ರತಿ ವಾಸ್ತವದ ತಪ್ಪಿಗೂ ಕಡೇಪಕ್ಷ ಎರಡು ಬೇರೆ ಬೇರೆ ಆಧಾರ ಇಟ್ಟುಕೊಳ್ಳಿ. ಒಂದರಿಂದ ಇನ್ನೊಂದು ನಕಲು ಮಾಡಿದ ಎರಡು ವೆಬ್ ಪುಟಗಳು ಒಂದೇ ಆಧಾರ. ಆ ಕಾಲದ ಪತ್ರಿಕೆ, ಹಳೆಯ ಫೋಟೊ, ಗೆಜೆಟಿಯರ್, ನಾಣ್ಯ ಸಂಗ್ರಹಿಸುವವರು, ರೈಲು ಹುಚ್ಚಿನವರು, ನಿಮ್ಮ ಮನೆಯ ಹಿರಿಯರು, ಎಲ್ಲರನ್ನೂ ಕೇಳಿ. ಹಿರಿಯರ ನೆನಪನ್ನು ಮಾತ್ರ ವರ್ಷದ ವಿಷಯದಲ್ಲಿ ಪೂರ್ತಿ ನಂಬಬೇಡಿ. ವಸ್ತು ಹೇಗಿತ್ತು ಎಂಬುದು ಅವರಿಗೆ ಚೆನ್ನಾಗಿ ನೆನಪಿರುತ್ತದೆ, ಯಾವಾಗ ಬಂತು ಎಂಬುದು ಜಾರುತ್ತದೆ.

ಹೆಜ್ಜೆ 8: ಬರೆದಿಡುವ ಕ್ರಮ

ಪ್ರತಿ ತಪ್ಪಿಗೂ ಇಷ್ಟು ಇರಲಿ: ಕಂತಿನ ಹೆಸರು, ನಿಮಿಷ-ಸೆಕೆಂಡ್, ಯಾವ ಪ್ರತಿ, ಏನು ಕಂಡಿತು, ಏನು ಇರಬೇಕಿತ್ತು, ಆಧಾರ, ಸಮಜಾಯಿಷಿ. ಸಮಜಾಯಿಷಿ ಕಾಲಂ ಖಾಲಿ ಬಿಡಬೇಡಿ. ‘ಏನೂ ಇಲ್ಲ’ ಎಂದಾದರೂ ಬರೆಯಿರಿ, ಆಗ ಯೋಚಿಸಿದ್ದೀರಿ ಎಂದು ಗೊತ್ತಾಗುತ್ತದೆ. ಒಂದು ಕಲ್ಪಿತ ನಮೂದು ಹೀಗಿರಬಹುದು: ‘ನಿಮಿಷ 12:40, ಡಿವಿಡಿ ಪ್ರತಿ. ಅಂಗಳದ ಮೂಲೆಯಲ್ಲಿ ನೀಲಿ ಹಗ್ಗ. 1930ಕ್ಕೆ ತೆಂಗಿನ ನಾರಿನ ಹಗ್ಗ ಇರಬೇಕಿತ್ತು. ಬಣ್ಣ ಹಾಕಿದ ಹತ್ತಿ ಹಗ್ಗವೂ ಇರಬಹುದು, ಹೊಳಪು ನೋಡಿದರೆ ನೈಲಾನ್. ಅನುಮಾನ.’

ಆಮೇಲೆ ಮೂರು ಗುಂಪು ಮಾಡಿ. ಮೊದಲ ನೋಟಕ್ಕೇ ಕಥೆ ಕೆಡಿಸಿದ್ದು, ಹುಡುಕಿದರೆ ಸಿಕ್ಕಿದ್ದು, ಫ್ರೇಮ್ ನಿಲ್ಲಿಸಿದರೆ ಮಾತ್ರ ಕಂಡದ್ದು. ಮೂರನೇ ಹೆಜ್ಜೆಯಲ್ಲಿ ಸುಮ್ನೆ ನೋಡಿದ್ದು ಇದಕ್ಕೇ. ಒಳ್ಳೆಯ ಧಾರಾವಾಹಿಯಲ್ಲಿ ಮೊದಲ ಗುಂಪು ಬಹುತೇಕ ಖಾಲಿ ಇರುತ್ತದೆ. 1980ರ ದಶಕದ ಸಣ್ಣ ಟಿವಿಯಲ್ಲಿ, ವಾರಕ್ಕೊಮ್ಮೆ, ಹಿಂದೆ ಓಡಿಸುವ ದಾರಿಯೇ ಇಲ್ಲದೆ ನೋಡಿದವರಿಗಾಗಿ ಮಾಡಿದ್ದು ಅದು. ಮೂರನೇ ಗುಂಪಿನ ತಪ್ಪುಗಳನ್ನು ಎಣಿಸಿ ‘ಇಷ್ಟು ತಪ್ಪು!’ ಎಂದು ದೊಡ್ಡ ಅಕ್ಷರದಲ್ಲಿ ಹಾಕುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ.

ಬೇರೆಯವರಿಗೆ ತೋರಿಸುವಾಗ ತುಂಡು ಮಾಡಿದ ಒಂದು ಚಿತ್ರ ಮಾತ್ರ ಹಾಕಬೇಡಿ. ಆ ಫ್ರೇಮ್, ಅದರ ಹಿಂದಿನ ಶಾಟ್, ಅದರ ಮುಂದಿನ ಶಾಟ್ ಮೂರನ್ನೂ ಜೋಡಿಸಿ ಹಾಕಿ. ಸಮಯವನ್ನೂ ಬರೆಯಿರಿ, ನೋಡಿದವರು ತಾವೇ ಹೋಗಿ ಪರೀಕ್ಷೆ ಮಾಡಲಿ. ಯಾರಾದರೂ ಒಳ್ಳೆಯ ಸಮಜಾಯಿಷಿ ಕೊಟ್ಟರೆ ನಮೂದನ್ನು ಅಳಿಸಬೇಡಿ. ಮೇಲೊಂದು ಗೆರೆ ಎಳೆದು, ಯಾವ ಆಧಾರದ ಮೇಲೆ ಬಿದ್ದು ಹೋಯಿತು ಎಂದು ಪಕ್ಕದಲ್ಲಿ ಬರೆಯಿರಿ. ಮುಂದಿನ ವರ್ಷ ಇನ್ಯಾರೋ ಅದೇ ಕಂಬವನ್ನು ಕೂಲರ್ ಎಂದು ಹಿಡಿದುಕೊಂಡು ಬಂದಾಗ ತೋರಿಸಲು ಬೇಕಾಗುತ್ತದೆ.